ಚಳಿಗಾಲದ ಸೀ ಕಯಾಕಿಂಗ್ ಗುಂಪಿಗೆ ಸೇರಬೇಕು (ಸಿಯಾಟಲ್) – ಮೊದಲು ಏನು ಬೇಕು?

ಬೆಳ್ಳಕ್ಕಿ:

ಸಿಯಾಟಲ್ ಕಡೆ ಇರುವ ಕನ್ನಡಿಗರಲ್ಲಿ ಚಳಿಗಾಲದಲ್ಲೂ ಕಯಾಕ್ ನೀರಿಗಿಳಿಸುವವರು ಇದ್ದರೆ ದಾರಿ ತೋರಿಸಿ. ಬೇಸಗೆಯಲ್ಲಿ ಲೇಕ್ ಸಮಾಮಿಶ್, ಲೇಕ್ ಯೂನಿಯನ್‌ನಲ್ಲಿ ಓಡಾಡುತ್ತೇನೆ. ಅಕ್ಟೋಬರ್ ಬಂತೆಂದರೆ ದೋಣಿ ಗ್ಯಾರೇಜಿನ ಗೋಡೆ ಸೇರುತ್ತದೆ. ಕ್ಲಬ್ಬುಗಳ ಪಟ್ಟಿಯಲ್ಲಿ ಆಗ ತಾನೇ ಟ್ರಿಪ್ಪುಗಳು ಶುರುವಾಗಿರುತ್ತವೆ: ಬ್ಲೇಕ್ ದ್ವೀಪಕ್ಕೆ ಹೋಗಿಬರುವುದು, ಹೋಪ್ ದ್ವೀಪಕ್ಕೆ ಒಂದು ಸುತ್ತು, ಹೊಸವರ್ಷದ ದಿನದ ಪ್ಯಾಡಲ್. ಮಂಜು, ಖಾಲಿ ದಂಡೆ, ಬಫಲ್‌ಹೆಡ್ ಬಾತುಗಳ ಹಿಂಡು, ನಡುವೆ ಸಾಲಾಗಿ ಆರೇಳು ದೋಣಿ. ಆ ಫೋಟೊ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

ಆದರೆ ಪ್ರತಿ ಪ್ರಕಟಣೆಯ ಕೆಳಗೆ ಎರಡು ಷರತ್ತು: ನೀರಿನ ಉಷ್ಣತೆಗೆ ತಕ್ಕ ಉಡುಪು ಕಡ್ಡಾಯ, ಅಸಿಸ್ಟೆಡ್ ರೆಸ್ಕ್ಯೂ (ಮಗುಚಿ ಬಿದ್ದವರನ್ನು ಇನ್ನೊಬ್ಬರು ಮತ್ತೆ ದೋಣಿಗೆ ಹತ್ತಿಸುವುದು) ಗೊತ್ತಿರಲೇಬೇಕು. ಅಲ್ಲಿಗೆ ಬಂದು ನಿಂತುಬಿಡುತ್ತೇನೆ.

ಹತ್ತಿರ ಇರುವುದು ಇಷ್ಟು: 10 ಅಡಿಯ ರಿಕ್ರಿಯೇಷನಲ್ ಕಯಾಕ್, ತೋಳಿಲ್ಲದ 3 ಮಿ.ಮೀ. ವೆಟ್‌ಸೂಟ್ (ಮೈಗಂಟುವ ರಬ್ಬರ್ ಉಡುಪು), ಲೈಫ್ ಜಾಕೆಟ್. ಈಜು ಬರುತ್ತದೆ, ಹೇಳಿಕೊಳ್ಳುವಂಥದ್ದಲ್ಲ. ಕನ್ನಡಕ ಇದೆ. ದಾಂಡೇಲಿಯ ರಾಫ್ಟಿಂಗ್, ಸಾಲಿಗ್ರಾಮದ ಹಿನ್ನೀರಿನ ಕಯಾಕಿಂಗ್ ಗೊತ್ತು, ಇಲ್ಲಿ ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ. ಈ ವೆಟ್‌ಸೂಟ್ ಸಾಕೆ? ಹಣ ಮೊದಲು ಯಾವುದಕ್ಕೆ ಹಾಕಬೇಕು? ನಾನೂ ಬರಲೇ ಎಂದು ಕೇಳುವ ಯೋಗ್ಯತೆ ಬಂದಿದೆ ಅಂತ ಗೊತ್ತಾಗುವುದು ಹೇಗೆ?

---

ತಳಗಲ್ಲು:

ವೆಟ್‌ಸೂಟ್ ಸಾಲದು. ದೋಣಿಯೂ ಸಾಲದು, ಆದರೆ ದೋಣಿಯನ್ನು ಈಗಲೇ ಕೊಳ್ಳಬೇಡಿ. ದೋಣಿ ಬಾಡಿಗೆಗೆ ಸಿಗುತ್ತದೆ, ಪರಿಚಯ ಆದಮೇಲೆ ಎರವಲೂ ಸಿಗುತ್ತದೆ. ನಿಮ್ಮ ಕತ್ತಿಗೂ ಮಣಿಕಟ್ಟಿಗೂ ಅಳತೆಯಾಗಿ ಕೂತ ಡ್ರೈಸೂಟನ್ನು (ಒಳಗೆ ನೀರು ಬಿಡದ ಉಡುಪು) ಯಾರೂ ಎರವಲು ಕೊಡುವುದಿಲ್ಲ. ಹಣ ಮೊದಲು ಅಲ್ಲಿಗೆ ಹೋಗಲಿ.

ಪ್ಯೂಜೆಟ್ ಸೌಂಡಿನ (ಸಿಯಾಟಲ್ ಪಕ್ಕದ ಸಮುದ್ರದ ಚಾಚು) ನೀರು ಚಳಿಗಾಲದ ಕೊನೆಗೆ 7ರಿಂದ 9 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕಾಳಿ ನದಿಯಲ್ಲಿ ರಾಫ್ಟಿನಿಂದ ಬಿದ್ದವರು ನಗುತ್ತಾ ಏಳುತ್ತಾರೆ. ಇಲ್ಲಿ ಬಿದ್ದರೆ ಮೊದಲು ಆಗುವುದು ಉಸಿರಿನ ಗೊಂದಲ. ಚರ್ಮ ಒಮ್ಮೆಲೇ ತಣ್ಣಗಾದಾಗ ಬೇಡವೆಂದರೂ ದೊಡ್ಡದೊಂದು ಉಸಿರು ಒಳಗೆಳೆದುಕೊಳ್ಳುತ್ತೀರಿ, ಆಮೇಲೆ ಏದುಸಿರು. ಆ ಮೊದಲ ಉಸಿರಿನ ಹೊತ್ತಿಗೆ ಬಾಯಿ ನೀರಿನಡಿ ಇದ್ದರೆ ಮುಂದಿನ ಮಾತೇ ಇಲ್ಲ. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು 1-10-1 ಎಂಬ ಲೆಕ್ಕದಲ್ಲಿ ಹೇಳಿದ್ದಾರೆ: ಉಸಿರು ಹತೋಟಿಗೆ ತರಲು 1 ನಿಮಿಷ, ಕೈಕಾಲು ಹೇಳಿದ ಮಾತು ಕೇಳುವುದು 10 ನಿಮಿಷ, ಮೈಯ ಒಳಬಿಸಿ ಇಳಿದು ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಹೆಚ್ಚಿನವರು ಹೆದರುವುದು ಕೊನೆಯ ಒಂದು ಗಂಟೆಗೆ. ಜೀವ ಹೋಗುವುದು ಹೆಚ್ಚಾಗಿ ಮೊದಲ ಹನ್ನೊಂದು ನಿಮಿಷಗಳಲ್ಲಿ. ಬೆರಳು ಮರಗಟ್ಟಿದ ಮೇಲೆ ದೋಣಿಯ ಹಗ್ಗ ಹಿಡಿಯಲೂ ಆಗದು, ಒಳ್ಳೆಯ ಈಜುಗಾರನೂ ಈಜಲಾರ. ಹಾಗಾಗಿ ನಿಮ್ಮ ಈಜಿನ ಮಟ್ಟದ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ. ಲೈಫ್ ಜಾಕೆಟ್ ಮೈಮೇಲೆ ಬಿಗಿಯಾಗಿರಲಿ, ಸಾಕು.

ಇನ್ನು ಡ್ರೈಸೂಟ್. ಉಸಿರಾಡುವ ಬಟ್ಟೆಯ (ಗೋರ್‌ಟೆಕ್ಸ್ ಅಥವಾ ಅದರ ಜಾತಿಯ) ಹೊಸ ಸೂಟು ಅಗ್ಗವಲ್ಲ, ಸಾವಿರ ಡಾಲರಿನ ಆಸುಪಾಸು ಅಥವಾ ಅದಕ್ಕೂ ಮೇಲೆ. ಪಾದದ ಭಾಗದಲ್ಲಿ ಅದೇ ಬಟ್ಟೆಯ ಸಾಕ್ಸ್ ಹೊಲಿದಿರಬೇಕು. ಕಣಕಾಲಿಗೇ ಮುಗಿಯುವ ಸೂಟು ಅಗ್ಗ, ಆದರೆ ಪಾದ ಒದ್ದೆಯಾಗಿ ಕೂತಿರುತ್ತದೆ. ರಿಲೀಫ್ ಜಿಪ್ (ಸೂಟು ಕಳಚದೆ ಮೂತ್ರಕ್ಕೆ ಹೋಗಲು) ಇರುವುದನ್ನೇ ಕೊಳ್ಳಿ, ಹೆಂಗಸರಿಗೆ ಹಿಂಬದಿ ತೆರೆಯುವ ಡ್ರಾಪ್ ಸೀಟ್ ಇರುವುದು. ಅದಿಲ್ಲದವರು ಬೆಳಗಿನಿಂದ ನೀರು ಕುಡಿಯದೆ ಬರುತ್ತಾರೆ, ಮಧ್ಯಾಹ್ನದ ಹೊತ್ತಿಗೆ ತಲೆನೋವು, ಕೈಸೋಲು. ಅಳತೆ ನೋಡುವಾಗ ಒಳಗೆ ಫ್ಲೀಸ್ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತು ಎರಡೂ ಕೈ ಮೇಲೆತ್ತಿ. ತೊಡೆಸಂದಿನಲ್ಲಿ ಎಳೆದರೆ ಒಂದು ಸೈಜ್ ದೊಡ್ಡದು.

ಕತ್ತು, ಮಣಿಕಟ್ಟಿನಲ್ಲಿ ಇರುವ ತೆಳು ರಬ್ಬರ್ ಪಟ್ಟಿಗಳೇ ಲೇಟೆಕ್ಸ್ ಗ್ಯಾಸ್ಕೆಟ್‌ಗಳು. ಹೊಸದರಲ್ಲಿ ಕತ್ತು ಹಿಸುಕಿದ ಹಾಗೆ ಅನ್ನಿಸುತ್ತದೆ. ತಕ್ಷಣ ಕತ್ತರಿ ಹಿಡಿಯಬೇಡಿ. ರಾತ್ರಿಯಿಡೀ ಕತ್ತಿನದನ್ನು ಒಂದು ಪಾತ್ರೆಯ ಮೇಲೆ, ಮಣಿಕಟ್ಟಿನದನ್ನು ಬಾಟಲಿಯ ಮೇಲೆ ಎಳೆದಿಟ್ಟು ನೋಡಿ. ಆಮೇಲೂ ಹತ್ತು ನಿಮಿಷ ಹಾಕಿಕೊಂಡಾಗ ತಲೆ ಭಾರ ಎನಿಸಿದರೆ, ಮುಖ ಕೆಂಪಾದರೆ, ಉಬ್ಬುಗೆರೆ ನೋಡಿಕೊಂಡು ಒಂದೇ ಒಂದು ಗೆರೆಯಷ್ಟು ಕತ್ತರಿಸಿ, ಮತ್ತೆ ಹಾಕಿ ನೋಡಿ. ದೊಡ್ಡ ಹರಿತ ಕತ್ತರಿ ಬೇಕು, ಒಂದೇ ಸಮನೆ ಕತ್ತರಿಸಬೇಕು. ಅಂಚಿನಲ್ಲಿ ಚಿಕ್ಕ ಹಲ್ಲು ಉಳಿದರೂ ಮುಂದೊಂದು ದಿನ ಅಲ್ಲಿಂದಲೇ ಹರಿಯುತ್ತದೆ.

ನಮ್ಮವರಿಗೆ ಬೇರೆ ಯಾರೂ ಹೇಳದ ಮಾತು: ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ದಿನ ಸೂಟು ಮುಟ್ಟಬೇಡಿ. ಎಣ್ಣೆ ಲೇಟೆಕ್ಸಿಗೆ ವಿಷ. ರಬ್ಬರ್ ಅಂಟಂಟಾಗಿ, ಹಿಗ್ಗಿ, ಕೈಗೆ ಕಿತ್ತು ಬರುತ್ತದೆ. ಸನ್‌ಸ್ಕ್ರೀನ್, ವ್ಯಾಸಲೀನ್, ಸೊಳ್ಳೆ ಮುಲಾಮು ಎಲ್ಲಕ್ಕೂ ಇದೇ ಮಾತು. ಜಾರಲು ಬೇಕಾದರೆ ಟಾಲ್ಕಂ ಪೌಡರ್. ಬಳೆ, ಕಲ್ಲಿನ ಉಂಗುರ ಮನೆಯಲ್ಲಿರಲಿ, ಅವು ರಬ್ಬರನ್ನು ಸೀಳುತ್ತವೆ. ಕತ್ತಿನ ಸರ, ತಾಳಿ, ಜನಿವಾರ ಗ್ಯಾಸ್ಕೆಟ್ಟಿನ ಕೆಳಗೆ ಸಿಕ್ಕಿಕೊಂಡರೆ ಆ ಎಳೆಯ ಪಕ್ಕದಿಂದ ನೀರು ಜಿನುಗುತ್ತದೆ. ಒಂದೋ ತೆಗೆದಿಡಿ, ಇಲ್ಲವೇ ಪೂರ್ತಿ ಎದೆಯ ಕಡೆ ಇಳಿಸಿ. ಗಡ್ಡ, ಕೂದಲಿನ ಎಳೆ ಕೂಡ ಅಷ್ಟೇ.

ಜಿಪ್ ಎರಡು ಥರ. ಹಿತ್ತಾಳೆ ಹಲ್ಲಿನದಕ್ಕೆ ಮೇಣ ತಿಕ್ಕಬೇಕು. ಪ್ಲಾಸ್ಟಿಕ್ಕಿನದಕ್ಕೆ ಅದರ ಜೊತೆ ಕೊಡುವ ಸಿಲಿಕೋನ್ ಗ್ರೀಸನ್ನು ಎಳೆದು ನಿಲ್ಲುವ ಕೊನೆಯಲ್ಲಿ ಒಂದು ಬಟಾಣಿಯಷ್ಟು. ಸೂಟಿನೊಳಗೆ ನೀರು ತುಂಬುವ ಪ್ರಸಂಗಗಳಲ್ಲಿ ಎಷ್ಟೋ ಹರಿದದ್ದಕ್ಕಲ್ಲ, ಜಿಪ್ಪಿನ ಕೊನೆಯ ಒಂದು ಸೆಂಟಿಮೀಟರ್ ಮುಚ್ಚದ್ದಕ್ಕೆ. ದಂಡೆಯಲ್ಲೇ ಪಕ್ಕದವರ ಹತ್ತಿರ ಎಳೆಸಿ ನೋಡಿಸಿಕೊಳ್ಳಿ. ರಿಲೀಫ್ ಜಿಪ್ಪನ್ನೂ. ಆಮೇಲೆ ಕುಕ್ಕರುಗಾಲಲ್ಲಿ ಕೂತು, ಮೊಣಕಾಲು ತಬ್ಬಿ, ಕತ್ತಿನ ಗ್ಯಾಸ್ಕೆಟ್ಟಿಗೆ ಎರಡು ಬೆರಳು ತೂರಿಸಿ ಒಳಗಿನ ಗಾಳಿ ಹೊರಗೆ ಬಿಡಿ. ಗಾಳಿ ಉಳಿದರೆ ನೀರಿನಲ್ಲಿ ಅದು ಕಾಲಿಗೆ ಓಡಿ, ಕಾಲು ಮೇಲೆ ತೇಲಿ, ದೋಣಿ ಹತ್ತುವುದು ಸರ್ಕಸ್ ಆಗುತ್ತದೆ.

ಡ್ರೈಸೂಟ್ ತಾನಾಗಿ ಬಿಸಿ ಕೊಡುವುದಿಲ್ಲ, ಒಣಗಿಸಿಡುತ್ತದೆ ಅಷ್ಟೇ. ಒಳಗೆ ಮೈಗಂಟಿದ ಉಣ್ಣೆ ಅಥವಾ ಪಾಲಿಯೆಸ್ಟರ್ ಪದರ, ಅದರ ಮೇಲೆ ನಡುದಪ್ಪದ ಫ್ಲೀಸ್, ಕಾಲಿಗೆ ದಪ್ಪ ಉಣ್ಣೆ ಸಾಕ್ಸ್. ಹತ್ತಿ ಬನಿಯನ್ ಬೇಡ, ಬೆವರಿಗೇ ಒದ್ದೆಯಾಗಿ ತಣ್ಣಗೆ ಕೂರುತ್ತದೆ. ದಂಡೆಯಲ್ಲಿ ನಿಂತಾಗ ಸ್ವಲ್ಪ ಚಳಿ ಅನ್ನಿಸಿದರೆ ಪದರ ಸರಿಯಾಗಿದೆ ಎಂದರ್ಥ, ಹುಟ್ಟು ಹಾಕಲು ಶುರುಮಾಡಿದ ಹತ್ತು ನಿಮಿಷಕ್ಕೆ ಬಿಸಿ ಏರುತ್ತದೆ. ತಲೆಗೆ ನಿಯೋಪ್ರೀನ್ (ವೆಟ್‌ಸೂಟಿನ ರಬ್ಬರ್) ಹುಡ್ ಅಥವಾ ಕಿವಿ ಮುಚ್ಚುವ ಟೋಪಿ, ಕಾಲಿಗೆ ಸಾಕ್ಸ್ ಸೇರುವಷ್ಟು ದೊಡ್ಡ ಬೂಟು.

---

ಸೋನೆಮಳೆ:

ವೆಟ್‌ಸೂಟನ್ನು ಇಷ್ಟು ಸಲೀಸಾಗಿ ತಳ್ಳಿಹಾಕಬೇಡಿ. ವೆಸ್ಟ್‌ಪೋರ್ಟಿನಲ್ಲಿ ಸರ್ಫರ್‌ಗಳು ಜನವರಿಯಲ್ಲೂ ಇಷ್ಟೇ ತಣ್ಣನೆಯ ನೀರಲ್ಲಿ 5/4 (ಎದೆಗೆ 5, ಕೈಕಾಲಿಗೆ 4 ಮಿ.ಮೀ. ದಪ್ಪದ) ವೆಟ್‌ಸೂಟ್, ಹುಡ್, ಬೂಟು, ಕೈಗವಸು ಹಾಕಿಕೊಂಡು ಗಂಟೆಗಟ್ಟಲೆ ಇರುತ್ತಾರೆ. ಅದರ ಬೆಲೆ ಡ್ರೈಸೂಟಿನ ಕಾಲುಭಾಗದಿಂದ ಮೂರನೇ ಒಂದು ಭಾಗ. ಮುಳ್ಳು ತಾಗಿ ತೂತಾದರೂ ಕೆಲಸ ಕೆಡುವುದಿಲ್ಲ. ಡ್ರೈಸೂಟಿನ ಕತ್ತು ಹರಿದರೆ ಅದು ನೀರು ತುಂಬಿದ ಚೀಲ.

---

ತಳಗಲ್ಲು:

ಸರ್ಫರ್‌ಗಳ ವಿಷಯ ನಿಜ. ಆದರೆ ಅವರ ಸೂಟು ತೋಳಿನಿಂದ ಕಣಕಾಲಿನವರೆಗೆ ಚರ್ಮಕ್ಕಂಟಿ ಕೂತಿರುತ್ತದೆ, ಅವರು ಸದಾ ಕೈಕಾಲು ಆಡಿಸುತ್ತಿರುತ್ತಾರೆ, ಸಾಕೆನಿಸಿದರೆ ಒಂದು ಅಲೆಯಲ್ಲಿ ದಂಡೆಗೆ. ಕಯಾಕಿನವರು ಸೊಂಟದಿಂದ ಕೆಳಗೆ ಅಲ್ಲಾಡದೆ ಕೂರುತ್ತಾರೆ. ಒಮ್ಮೆ ಒದ್ದೆಯಾದ ನಿಯೋಪ್ರೀನಿನ ಮೇಲೆ ಎರಡು ತಾಸು ಗಾಳಿ ಬೀಸಿದರೆ ಅದು ಮೈಬಿಸಿಯನ್ನು ಹೀರುತ್ತಲೇ ಇರುತ್ತದೆ, ಬದಲಿಸಲು ದಂಡೆ ಎರಡು ಮೈಲಿ ದೂರ. ಜೊತೆಗೆ ಅಷ್ಟು ದಪ್ಪದ ತೋಳು ಹಾಕಿಕೊಂಡು ಐದಾರು ಸಾವಿರ ಸಲ ಹುಟ್ಟು ಎಳೆದರೆ ಭುಜ, ಮುಂಗೈ ಸೋಲುತ್ತದೆ. ಬೆಳ್ಳಕ್ಕಿಯವರ ಹತ್ತಿರ ಇರುವುದು ತೋಳೇ ಇಲ್ಲದ 3 ಮಿ.ಮೀ., ಕಂಕುಳಿಂದ ನೇರ ಎದೆಗೆ ನೀರು.

ಕತ್ತು ಹರಿಯುವ ಮಾತೂ ನಿಜ. ಅದಕ್ಕೇ ಲೈಫ್ ಜಾಕೆಟ್ ಯಾವತ್ತೂ ಸೂಟಿನ ಮೇಲೆ ಇರಬೇಕು, ಒಳಗಿನ ಫ್ಲೀಸ್ ಒದ್ದೆಯಾದರೂ ಸ್ವಲ್ಪ ಬಿಸಿ ಹಿಡಿಯುವಂಥದ್ದಿರಬೇಕು. ಸೂಟಿನೊಳಗಿನ ನೀರು ನಿಮ್ಮನ್ನು ಮುಳುಗಿಸುವುದಿಲ್ಲ. ಮೇಲೆ ಹತ್ತುವಾಗ ಭಾರವಾಗುತ್ತದೆ, ಅಷ್ಟೇ.

---

ಅಳಿವೆ:

ಸೂಟಿನ ಚರ್ಚೆ ಸಾಕು. ಟ್ರಿಪ್ ಲೀಡರುಗಳು ಹೊಸಬರನ್ನು ಬೇಡ ಅನ್ನುವುದು ಹೆಚ್ಚಾಗಿ ಎರಡನೆಯ ಷರತ್ತಿಗೆ. ಗುಂಪಿನಲ್ಲಿ ಒಬ್ಬರು ಮಗುಚಿಕೊಂಡರೆ ಅವರನ್ನು ಎರಡು ಮೂರು ನಿಮಿಷದಲ್ಲಿ ಮತ್ತೆ ದೋಣಿಯಲ್ಲಿ ಕೂರಿಸಬೇಕು. ಬಿದ್ದವರಿಗೆ ತಮ್ಮ ಪಾಲಿನ ಕೆಲಸ ಗೊತ್ತಿಲ್ಲದಿದ್ದರೆ ಎತ್ತುವವರು ಎಷ್ಟೇ ಜಾಣರಿದ್ದರೂ ಆಗದ ಕೆಲಸ. ನಿಮ್ಮನ್ನು ಕಾಪಾಡಲು ಬಂದವರ ದೋಣಿಯೂ ಆಗ ಅಲೆಗೆ ಅಡ್ಡ ನಿಂತಿರುತ್ತದೆ.

ಮೊದಲ ಪಾಠ ವೆಟ್ ಎಕ್ಸಿಟ್. ಮಗುಚಿದ ದೋಣಿಯಲ್ಲಿ ತಲೆಕೆಳಗಾಗಿ ಕೂತು, ಮುಂದಕ್ಕೆ ಬಾಗಿ, ದೋಣಿಯ ಹೊಟ್ಟೆಗೆ ಮೂರು ಸಲ ತಟ್ಟಿ, ಸ್ಪ್ರೇ ಸ್ಕರ್ಟಿನ (ಸೊಂಟಕ್ಕೆ ಹಾಕಿ ದೋಣಿಯ ಬಾಯಿ ಮುಚ್ಚುವ ಹೊದಿಕೆ) ಮುಂಬದಿಯ ಕುಣಿಕೆಯನ್ನು ಮೊದಲು ಮುಂದಕ್ಕೆ, ಆಮೇಲೆ ಮೇಲಕ್ಕೆ ಎಳೆದು, ಅಂಚಿನ ಮೇಲೆ ಕೈಯೂರಿ ಪ್ಯಾಂಟು ಕಳಚಿದ ಹಾಗೆ ಹೊರಗೆ ಜಾರುವುದು. ಮೂರು ಸಲ ತಟ್ಟುವುದು ಶಾಸ್ತ್ರಕ್ಕಲ್ಲ, ಗಾಬರಿ ಇಳಿಸಲು. ಆ ಕುಣಿಕೆ ಸ್ಕರ್ಟಿನ ಒಳಗೆ ಸಿಕ್ಕಿಕೊಂಡಿಲ್ಲ ಅಂತ ಪ್ರತಿ ಸಲ ಹೊರಡುವ ಮೊದಲು ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ. ಈಜುಕೊಳದಲ್ಲಿ ಬರಿಗೈಯಲ್ಲಿ ಕಲಿತದ್ದನ್ನು ಮತ್ತೊಮ್ಮೆ 3 ಮಿ.ಮೀ. ಕೈಗವಸು ಹಾಕಿಕೊಂಡು ಮಾಡಿ. ಗವಸಿನ ಬೆರಳಿಗೆ ಕುಣಿಕೆ ಸಿಕ್ಕಿದ್ದೇ ಗೊತ್ತಾಗುವುದಿಲ್ಲ. ಕುಣಿಕೆಗೊಂದು ಪ್ಲಾಸ್ಟಿಕ್ ಗುಂಡು ಇರುವ ಸ್ಕರ್ಟ್ ಇದ್ದರೆ ಒಳ್ಳೆಯದು.

ಎರಡನೆಯದು ಟಿ-ರೆಸ್ಕ್ಯೂ. ಬಿದ್ದವರ ಕೆಲಸ: ದೋಣಿಯನ್ನೂ ಹುಟ್ಟನ್ನೂ ಬಿಡಕೂಡದು. ದೋಣಿ ಬಿಟ್ಟರೆ ಗಾಳಿ ಅದನ್ನು ನೀವು ಈಜುವುದಕ್ಕಿಂತ ವೇಗವಾಗಿ ಒಯ್ಯುತ್ತದೆ. ಎತ್ತುವವರು ನಿಮ್ಮ ದೋಣಿಯ ಮೂತಿಯ ಹತ್ತಿರ ಅಡ್ಡಲಾಗಿ ಬರುತ್ತಾರೆ. ನೀವು ದೋಣಿ ಹಿಡಿದುಕೊಂಡೇ ಹಿಂಬದಿಗೆ ಸರಿದು ಬಾಲವನ್ನು ಕೆಳಗೆ ಅದುಮುತ್ತೀರಿ. ಅವರು ಮೂತಿಯನ್ನು ತಮ್ಮ ಡೆಕ್ಕಿನ ಮೇಲೆಳೆದು, ತಲೆಕೆಳಗಾಗಿಯೇ ಹಿಡಿದು ನೀರು ಸುರಿಸಿ, ನೆಟ್ಟಗೆ ಮಾಡಿ ನೀರಿಗೆ ಜಾರಿಸಿ, ನಿಮ್ಮ ಮೂತಿ ಅವರ ಬಾಲದ ಕಡೆ ಬರುವಂತೆ ಪಕ್ಕಕ್ಕೆ ಒತ್ತಿ ಹಿಡಿಯುತ್ತಾರೆ. ನೀವು ಕಾಕ್‌ಪಿಟ್ಟಿನ (ಕೂರುವ ಕುಳಿ) ಹಿಂದಿನಿಂದ ಕಾಲು ಜೋರಾಗಿ ಬಡಿದು, ಹೊಟ್ಟೆ ಮೇಲೆ ಹಿಂದಿನ ಡೆಕ್ಕಿಗೆ ಹತ್ತಿ, ಮುಖ ಬಾಲದ ಕಡೆ ಇಟ್ಟು ಕಾಲನ್ನು ಒಳಗೆ ತೂರಿಸಿ, ಎತ್ತುವವರ ಕಡೆಗೇ ತಿರುಗುತ್ತಾ ಕೂರುತ್ತೀರಿ. ಆಚೆ ತಿರುಗಿದರೆ ಇಬ್ಬರೂ ಮತ್ತೆ ನೀರಿಗೆ. ಕೂತ ಮೇಲೆ ಸ್ಕರ್ಟ್ ಹಾಕಿ, ಬದಿಯಿಂದ ಪಂಪ್ ತೂರಿಸಿ ಉಳಿದ ನೀರು ಹೊರಗೆ. ಸ್ಕರ್ಟ್ ಹಾಕದೆ ಪಂಪ್ ಮಾಡಿದರೆ ಬರುವ ಅಲೆ ಅಷ್ಟನ್ನೂ ಮತ್ತೆ ತುಂಬುತ್ತದೆ.

ನಿಮ್ಮ 10 ಅಡಿ ದೋಣಿ ಯಾಕಾಗದು ಅನ್ನುವುದು ಈಗ ಗೊತ್ತಾಗಬೇಕು. ಅಂಥವಕ್ಕೆ ಮುಂಭಾಗದಲ್ಲಿ ಬಲ್ಕ್‌ಹೆಡ್ (ನೀರು ತಡೆಯುವ ಅಡ್ಡ) ಗೋಡೆ ಇರುವುದಿಲ್ಲ, ಮಗುಚಿದರೆ ನೂರು ಲೀಟರಿಗೂ ಮೀರಿ ನೀರು ತುಂಬುತ್ತದೆ. ಅದನ್ನು ನಡುನೀರಲ್ಲಿ ಯಾರೂ ಡೆಕ್ಕಿನ ಮೇಲೆ ಎಳೆಯಲಾರರು. ಹಿಂದೆ ಮುಂದೆ ಎರಡೂ ಕಡೆ ಬಲ್ಕ್‌ಹೆಡ್ ಇರುವ, ಸುತ್ತ ಡೆಕ್ ಹಗ್ಗ ಇರುವ, 14ರಿಂದ 17 ಅಡಿಯ ಸೀ ಕಯಾಕ್ ಬೇಕು.

ಕಲಿಯುವುದೆಲ್ಲಿ? ಚಳಿಗಾಲದಲ್ಲಿ ಕ್ಲಬ್ಬುಗಳು ಈಜುಕೊಳ ಬಾಡಿಗೆಗೆ ಹಿಡಿದು ರೋಲ್ (ಮಗುಚಿದ ದೋಣಿಯಿಂದ ಹೊರಬರದೆ ನೆಟ್ಟಗಾಗುವುದು), ರೆಸ್ಕ್ಯೂ ಅಭ್ಯಾಸ ಮಾಡುತ್ತವೆ. ನಿಮ್ಮ ಬಾಗಿಲು ಅದೇ. ಸಿಯಾಟಲ್‌ನಲ್ಲಿ 1948ರಿಂದ ಇರುವ ವಾಷಿಂಗ್ಟನ್ ಕಯಾಕ್ ಕ್ಲಬ್ ಇದೆ, 1906ರಲ್ಲಿ ಶುರುವಾದ ದಿ ಮೌಂಟನೀರ್ಸ್‌ನಲ್ಲಿ ಸೀ ಕಯಾಕಿಂಗ್ ಪ್ರಾಥಮಿಕ ಕೋರ್ಸು ಇದೆ. ಖಾಸಗಿ ತರಬೇತಿಯಾದರೆ ಅಮೆರಿಕನ್ ಕನೂ ಅಸೋಸಿಯೇಷನ್ನಿನ ಮಟ್ಟಗಳ ಲೆಕ್ಕದಲ್ಲಿ ಕೇಳಿ. ಚಳಿಗಾಲದ ಶಾಂತ ಟ್ರಿಪ್ಪಿಗೆ 2ನೇ ಮಟ್ಟ, ತೆರೆದ ನೀರು ದಾಟುವುದಿದ್ದರೆ 3ನೇ ಮಟ್ಟ ಎಂದು ಇಟ್ಟುಕೊಳ್ಳಿ. ರೋಲ್ ಬರಲೇಬೇಕೆಂದಿಲ್ಲ. ರೋಲ್ ಬರುವವರು ಕೂಡ ತಣ್ಣೀರಲ್ಲಿ ಒಮ್ಮೆ ತಪ್ಪಿದರೆ ಮಾಡಬೇಕಾದ್ದು ಇದನ್ನೇ.

ಕನ್ನಡಕಕ್ಕೆ ತೇಲುವ ಪಟ್ಟಿ ಹಾಕಿ, ಬಿಗಿ ಮಾಡಿ. ಬೇರೆಯದೊಂದು ಕನ್ನಡಕ ಡ್ರೈಬ್ಯಾಗಿನಲ್ಲಿರಲಿ.

---

ಬೆಳ್ಳಕ್ಕಿ:

ತುಂಬಾ ಥ್ಯಾಂಕ್ಸ್. ಕೊಳದ ಸೆಷನ್ನಿಗೆ ಹೆಸರು ಕೊಟ್ಟೆ. ಎರಡು ಉಪಪ್ರಶ್ನೆ: ಸೆಕೆಂಡ್ ಹ್ಯಾಂಡ್ ಡ್ರೈಸೂಟ್ ಕೊಳ್ಳಬಹುದೆ? ಕೈಗೆ ಗವಸೋ, ಹುಟ್ಟಿಗೆ ಸಿಕ್ಕಿಸಿ ಕೈ ತೂರಿಸುವ ಪೋಗಿಯೋ?

---

ತಳಗಲ್ಲು:

ಕೊಳ್ಳಬಹುದು, ನೀರು ಹಾಕಿ ನೋಡಿದ ಮೇಲೆ. ಜಿಪ್ ಮುಚ್ಚಿ, ಸೂಟನ್ನು ಒಳಹೊರಗೆ ತಿರುಗಿಸಿ, ಒಂದೊಂದು ಕಾಲಿಗೂ ಮೊಣಕಾಲಿನವರೆಗೆ ನೀರು ತುಂಬಿ ಹತ್ತು ನಿಮಿಷ ತೂಗುಹಾಕಿ. ಸಾಕ್ಸಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಹನಿ ಕಟ್ಟುತ್ತದೆ. ಒಂದೆರಡು ತೂತಿಗೆ ಆಕ್ವಾಸೀಲ್ ಅಂಟು ಸಾಕು, ಪೂರ್ತಿ ಒಣಗಲು ಒಂದು ದಿನ ಬಿಡಿ. ಅಂಗೈಯಗಲ ಜಾಗವೆಲ್ಲ ಬೆವರಿದಂತೆ ಒದ್ದೆಯಾದರೆ ಒಳಪೊರೆಯೇ ಬಿಟ್ಟುಕೊಂಡಿದೆ ಎಂದರ್ಥ, ಬಿಟ್ಟುಬಿಡಿ. ಗ್ಯಾಸ್ಕೆಟ್ ಅಂಟಂಟಾಗಿದ್ದರೆ, ಸಣ್ಣ ಬಿರುಕಿದ್ದರೆ ಹೆದರಬೇಡಿ, ಅವು ಹೇಗೂ ಕೆಲವು ವರ್ಷಕ್ಕೊಮ್ಮೆ ಬದಲಿಸುವ ಭಾಗ. ಬೆಲೆಯಲ್ಲಿ ಆ ಖರ್ಚು ಕಳೆಯಿರಿ. ಜಿಪ್ಪಿನ ಹಲ್ಲು ಮುರಿದಿದ್ದರೆ ಮಾತ್ರ ಬೇಡ, ಜಿಪ್ ಬದಲಿಸುವ ಖರ್ಚಿಗೆ ಹಳೆ ಸೂಟಿನ ಅಗ್ಗ ಮುಗಿದುಹೋಗುತ್ತದೆ.

ಪೋಗಿ ಹಿತ. ಬರಿಗೈ ಹುಟ್ಟನ್ನು ಮುಟ್ಟಿರುತ್ತದೆ, ಹಿಡಿತ ತಪ್ಪದು. ಬಿದ್ದಾಗ ಮಾತ್ರ ಕೈ ಬರಿದಾಗಿ ಹೊರಗೆ ಬರುತ್ತದೆ, ಹತ್ತು ನಿಮಿಷದ ಲೆಕ್ಕ ಐದಕ್ಕೆ ಇಳಿಯುತ್ತದೆ ಅಂದುಕೊಳ್ಳಿ. ಒದ್ದೆ ಬೆರಳಿಗೆ ಐದು ಬೆರಳಿನ ಗವಸು ಏರುವುದೂ ಇಲ್ಲ. ಮೊದಲ ಚಳಿಗಾಲಕ್ಕೆ 3 ಮಿ.ಮೀ. ನಿಯೋಪ್ರೀನ್ ಗವಸು ಹಾಕಿಯೇ ಇರಿ. ಪೋಗಿ ಬಳಸುವ ದಿನ ಬಂದರೆ ಜಾಕೆಟಿನ ಜೇಬಿನಲ್ಲಿ ಸಡಿಲ ಮಿಟನ್ ಇಡಿ. ಇದೇ ಕಾರಣಕ್ಕೆ ಪ್ಯಾಡಲ್ ಫ್ಲೋಟ್ (ಮತ್ತೆ ದೋಣಿ ಹತ್ತಲು ಹುಟ್ಟಿನ ತುದಿಗೆ ಸಿಕ್ಕಿಸುವ ತೇಲು) ಕೊಳ್ಳುವಾಗ ಬಾಯಲ್ಲಿ ಊದುವುದರ ಬದಲು ಫೋಮಿನ ಗಟ್ಟಿ ಫ್ಲೋಟ್ ತೆಗೆದುಕೊಳ್ಳಿ. ಏದುಸಿರಿನಲ್ಲಿ ಊದಲು ಉಸಿರೆಲ್ಲಿ, ಮುಚ್ಚಳ ತಿರುಗಿಸಲು ಬೆರಳೆಲ್ಲಿ.

---

ನೀರಿಳಿತ:

ಎಲ್ಲರೂ ಮೈಮೇಲಿನದ್ದು ಹೇಳಿದರು, ನೀರಿನದ್ದನ್ನು ಯಾರೂ ಹೇಳಲಿಲ್ಲ. ಕೆರೆಯಿಂದ ಸೌಂಡಿಗೆ ಬರುವವರಿಗೆ ಇದು ಹೊಸ ವಿದ್ಯೆ, ಸಾಲಿಗ್ರಾಮದ ಹಿನ್ನೀರಿನ ಉಬ್ಬರ ನೋಡಿದ್ದರೂ.

ಸಿಯಾಟಲ್‌ನಲ್ಲಿ ಉಬ್ಬರ-ಇಳಿತದ ಸರಾಸರಿ ದೈನಿಕ ಅಂತರ 11 ಅಡಿಗೂ ಮೇಲೆ, ಅಂದರೆ ಸುಮಾರು ಮೂರೂವರೆ ಮೀಟರ್. ಚಳಿಗಾಲದಲ್ಲಿ ಇಲ್ಲಿ ದೊಡ್ಡ ಇಳಿತ ಬರುವುದು ರಾತ್ರಿ, ಹಗಲಿನಲ್ಲಿ ನೀರು ಏರಿಯೇ ಇರುತ್ತದೆ. ಬೇಸಗೆಯಲ್ಲಿ ನೀವು ನೋಡಿಟ್ಟ ಮರಳದಂಡೆ ಡಿಸೆಂಬರಿನ ಹಗಲಿಗೆ ಇರುವುದೇ ಇಲ್ಲ, ಮನೆಗಳ ಕಾಂಕ್ರೀಟ್ ತಡೆಗೋಡೆಗೆ ನೀರು ಬಡಿಯುತ್ತಿರುತ್ತದೆ. ಹಾಗಾಗಿ ಬೇಕಾದಾಗ ದಂಡೆಗೆ ಹೋದರಾಯಿತು ಎಂಬ ಲೆಕ್ಕ ಚಳಿಗಾಲದಲ್ಲಿ ನಡೆಯದು. ಇಳಿಯಬಹುದಾದ ಜಾಗಗಳನ್ನು ಮೊದಲೇ ನಕ್ಷೆಯಲ್ಲಿ ಗುರುತಿಸಿ, ಆ ಹೊತ್ತಿನ ನೀರಿನ ಎತ್ತರದ ಜೊತೆ ಹೊಂದಿಸಿ. ಡಿಸೆಂಬರ್-ಜನವರಿಯ ಮಹಾಉಬ್ಬರದ ದಿನಗಳಲ್ಲಿ ದಂಡೆಯ ಮರದ ದಿಮ್ಮಿಗಳೂ ತೇಲಿಬರುತ್ತವೆ. ಅಲೆಯಲ್ಲಿ ಹೊರಳುವ ದಿಮ್ಮಿಗೂ ದೋಣಿಗೂ ನಡುವೆ ಕಾಲು ಸಿಕ್ಕರೆ ಮುರಿಯಿತೆಂದೇ ಲೆಕ್ಕ.

ಉಬ್ಬರ ತುಂಬುವ ವೇಳೆ ಬೇರೆ, ಪ್ರವಾಹ ನಿಲ್ಲುವ ವೇಳೆ ಬೇರೆ. ಎರಡೂ ಕೋಷ್ಟಕ ನೋವಾ (ಅಮೆರಿಕದ ಸಾಗರ-ಹವಾಮಾನ ಇಲಾಖೆ) ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಹೊಸಬರು ಮೊದಲನೆಯದನ್ನಷ್ಟೇ ನೋಡುತ್ತಾರೆ. ಡಿಸೆಪ್ಷನ್ ಪಾಸ್‌ನಲ್ಲಿ ಪ್ರವಾಹ 8 ನಾಟ್‌ವರೆಗೆ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಹೋಗುತ್ತದೆ. ಸಾಧಾರಣ ಪ್ಯಾಡಲರ್ ದಿನವಿಡೀ ಹಾಕಬಲ್ಲ ವೇಗ 3 ನಾಟ್. ವಾಶನ್ ದ್ವೀಪದ ಪಶ್ಚಿಮಕ್ಕಿರುವ ಕಾಲ್ವೋಸ್ ಪ್ಯಾಸೇಜ್‌ನಲ್ಲಿ ಉಬ್ಬರವಿರಲಿ ಇಳಿತವಿರಲಿ ನೀರು ಬಹುತೇಕ ಉತ್ತರಕ್ಕೇ ಹರಿಯುತ್ತದೆ. ಹೋದ ದಾರಿಯಲ್ಲೇ ಇಳಿತ ತಿರುಗಿದ ಮೇಲೆ ತೇಲಿ ಬರುತ್ತೇವೆ ಎಂದುಕೊಂಡವರಿಗೆ ಅಲ್ಲಿ ಸಂಜೆಯಾಗುತ್ತದೆ.

ಗಾಳಿ ಎಲ್ಲಕ್ಕಿಂತ ಮುಖ್ಯ. ಚಳಿಗಾಲದ ಮಳೆ ತರುವ ಗಾಳಿ ಹೆಚ್ಚಾಗಿ ದಕ್ಷಿಣದಿಂದ. ಸೌಂಡಿನ ಮುಖ್ಯ ಭಾಗದಲ್ಲಿ ಉಬ್ಬರದ ನೀರು ದಕ್ಷಿಣಕ್ಕೆ ಹರಿಯುತ್ತದೆ. ಗಾಳಿಗೆ ನೀರು ಎದುರಾದಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೆ ಒಂದು ಒತ್ತಿಕೊಂಡು ಬರುತ್ತವೆ. ಅದೇ 15 ನಾಟ್ ಗಾಳಿ ಇಳಿತದ ಹೊತ್ತಿಗೆ ಸಲೀಸು, ಉಬ್ಬರದ ಹೊತ್ತಿಗೆ ಹೊಸಬರನ್ನು ಮಗುಚುವಂಥದ್ದು. 21ರಿಂದ 33 ನಾಟ್‌ಗೆ ನೋವಾ ಸಣ್ಣ ದೋಣಿಗಳ ಎಚ್ಚರಿಕೆ ಕೊಡುತ್ತದೆ, ಆದರೆ ಎಚ್ಚರಿಕೆ ಇಲ್ಲ ಎಂದಮಾತ್ರಕ್ಕೆ ಕಯಾಕಿಗೆ ಸರಿ ಎಂದಲ್ಲ. ಹೊಸಬರಿರುವ ಗುಂಪಿಗೆ ಮುನ್ಸೂಚನೆ 10 ನಾಟ್ ದಾಟಿದರೆ ಒಳಕೊಲ್ಲಿಗೆ ಜಾಗ ಬದಲಿಸಿ. ಹೊರಡುವ ಮೊದಲು ವೆಸ್ಟ್ ಪಾಯಿಂಟ್ ಹವಾಮಾನ ಕೇಂದ್ರದ ಆ ಗಂಟೆಯ ಗಾಳಿ ನೋಡಿ. ಮುನ್ಸೂಚನೆ 5 ಎಂದು, ಅಲ್ಲಿ ಆಗಲೇ 14 ಬೀಸುತ್ತಿದ್ದರೆ ಯಾವುದನ್ನು ನಂಬಬೇಕು ಎಂದು ಹೇಳಬೇಕಿಲ್ಲ.

ಬೆಳಕು ಕಡಿಮೆ. ಡಿಸೆಂಬರ್ 21ರ ಸುಮಾರಿಗೆ 7:55ಕ್ಕೆ ಸೂರ್ಯ ಹುಟ್ಟಿ 4:20ಕ್ಕೆ ಮುಳುಗುತ್ತಾನೆ. ಮೋಡವಿದ್ದರೆ ಮೂರೂವರೆಗೇ ಮಸುಕು. ಮೂರಕ್ಕೆ ದಂಡೆ ಸೇರುವಂತೆ ಹಿಂದಿನಿಂದ ಲೆಕ್ಕ ಹಾಕಿ, ಬಿಳಿ ದೀಪವೊಂದು ಹೇಗೂ ಇರಲಿ.

ವಿಎಚ್‌ಎಫ್ ರೇಡಿಯೊ ಲೈಫ್ ಜಾಕೆಟಿನ ಮೇಲಿರಬೇಕು, ಡೆಕ್ಕಿನ ಚೀಲದಲ್ಲಲ್ಲ. ನೀವೂ ದೋಣಿಯೂ ಬೇರೆಯಾದಾಗಲೇ ಅದು ಬೇಕಾಗುವುದು. ತುರ್ತಿಗೆ 16ನೇ ಚಾನೆಲ್. ಹಡಗಿನ ದಾರಿ ದಾಟುವಾಗ ಸಿಯಾಟಲ್ ಟ್ರಾಫಿಕ್‌ನವರ (ಹಡಗು ಸಂಚಾರ ನೋಡಿಕೊಳ್ಳುವವರು) 14ನೇ ಚಾನೆಲ್ ಕೇಳುತ್ತಿದ್ದರೆ ಯಾವ ಹಡಗು ಎಲ್ಲಿದೆ ಎಂದು ತಿಳಿಯುತ್ತದೆ. ಮೊಬೈಲಿನ ಪರದೆ ಒದ್ದೆ ಗವಸಿಗೆ ಓಗೊಡುವುದಿಲ್ಲ.

---

ಅಳಿವೆ:

ಬೆಳ್ಳಕ್ಕಿಯವರ ಮೂರನೇ ಪ್ರಶ್ನೆ ಉಳಿಯಿತು. ತಣ್ಣೀರಿನಲ್ಲಿ, ನಿಮ್ಮದೇ ಸೂಟಿನಲ್ಲಿ, ದಂಡೆಯಿಂದ ಹತ್ತು ಮೀಟರ್ ಒಳಗೆ ಹತ್ತು ನಿಮಿಷ ತೇಲಿ, ಆಮೇಲೂ ಕೈಗವಸಿನಲ್ಲಿ ಜಾಕೆಟಿನ ಜೇಬಿನ ಜಿಪ್ ತೆಗೆದು ಹಾಕಬಲ್ಲಿರಾದರೆ, ಮತ್ತು ಒಬ್ಬರ ಸಹಾಯದಿಂದ ಮೂರು ನಿಮಿಷದೊಳಗೆ ದೋಣಿ ಹತ್ತಬಲ್ಲಿರಾದರೆ, ಕೇಳಿ. ಈ ಪರೀಕ್ಷೆ ಒಬ್ಬರೇ ಮಾಡಬಾರದು, ದಂಡೆಯಲ್ಲಿ ಒಬ್ಬರು ನಿಂತಿರಬೇಕು. ಸೊಂಟದವರೆಗೆ ನಡೆದುಕೊಂಡು ಇಳಿದು, ಕೂತು, ಆಮೇಲೆ ತೇಲಿ. ಧುಮುಕುವುದು ಬೇಡ. ಹೃದಯದ ತೊಂದರೆ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳಿಕೊಂಡೇ ಇದಕ್ಕೆ ಕೈಹಾಕಿ.

ಲೀಡರಿಗೆ ಬರೆಯುವಾಗ ಉತ್ಸಾಹ ಎರಡು ಸಾಲಿರಲಿ, ಮಾಹಿತಿ ಆರು ಸಾಲು. ಹೀಗೆ ಬರೆದರೆ ಸಾಕು: 'ಉಸಿರಾಡುವ ಡ್ರೈಸೂಟ್, 3 ಮಿ.ಮೀ. ಗವಸು, ಹುಡ್ ಇದೆ. ಈಜುಕೊಳದಲ್ಲಿ ಸ್ಕರ್ಟ್ ಸಹಿತ ವೆಟ್ ಎಕ್ಸಿಟ್, ಟಿ-ರೆಸ್ಕ್ಯೂ ಎರಡೂ ಪಾತ್ರದಲ್ಲಿ ಮಾಡಿದ್ದೇನೆ. ತಣ್ಣೀರಿನಲ್ಲಿ ಬಿದ್ದವರ ಪಾತ್ರ ಮಾತ್ರ ಅಭ್ಯಾಸವಿದೆ. ರೋಲ್ ಬರುವುದಿಲ್ಲ. 3 ನಾಟ್‌ನಲ್ಲಿ ಎರಡು ತಾಸು ಹೋಗಬಲ್ಲೆ. 10 ನಾಟ್ ಮೀರಿದ ಗಾಳಿಯ ಅನುಭವವಿಲ್ಲ. 16 ಅಡಿಯ ಬಾಡಿಗೆ ದೋಣಿ ತರುತ್ತೇನೆ.' ಇಲ್ಲ ಎನ್ನುವುದನ್ನು ಇಲ್ಲ ಎಂದು ಬರೆದವರನ್ನು ಕರೆದುಕೊಂಡು ಹೋಗುವುದು ಸುಲಭ, ಏಕೆಂದರೆ ಲೀಡರ್ ಅದಕ್ಕೆ ತಕ್ಕ ಜೊತೆಗಾರರನ್ನು ಹೊಂದಿಸುತ್ತಾರೆ. ಈ ಸಲ ಬೇಡ ಅಂದರೆ ಯಾವ ಟ್ರಿಪ್ ಸೂಕ್ತ ಎಂದು ಕೇಳಿ. ಒಳಕೊಲ್ಲಿಯ ಟ್ರಿಪ್ಪುಗಳು ಪಟ್ಟಿಯಲ್ಲಿ ಕೆಳಗಿರುತ್ತವೆ, ಫೋಟೊ ಚೆನ್ನಾಗಿ ಬರುವುದಿಲ್ಲ ಅಂತ ಯಾರೂ ನೋಡುವುದಿಲ್ಲ. ಈಗಲ್ ಹಾರ್ಬರ್, ಗಿಗ್ ಹಾರ್ಬರ್ ಥರದವು. ಅಲ್ಲಿಂದಲೇ ಮುಖಪರಿಚಯ ಆಗುವುದು.

ಜೊತೆಗಿರಬೇಕಾದ್ದು: ಜಾಕೆಟಿಗೆ ಕಟ್ಟಿದ ಸೀಟಿ, ಪಂಪ್, ಫ್ಲೋಟ್, ಡ್ರೈಬ್ಯಾಗಿನಲ್ಲಿ ಒಂದು ಜೊತೆ ಪೂರ್ತಿ ಒಣಬಟ್ಟೆ, ಟೋಪಿ, ಥರ್ಮಾಸಿನಲ್ಲಿ ಸಿಹಿ ಬಿಸಿ ಪಾನೀಯ. ಗವಸು ಬಿಚ್ಚದೆ ತಿನ್ನುವಂಥ ತಿಂಡಿ. ಶೇಂಗಾ ಚಿಕ್ಕಿ ಇದಕ್ಕೆ ಹೇಳಿ ಮಾಡಿಸಿದ್ದು, ಮನೆಯಲ್ಲೇ ಚಿಕ್ಕ ತುಂಡು ಮಾಡಿ ಸಡಿಲ ಚೀಲಕ್ಕೆ ಹಾಕಿ ತನ್ನಿ. ಗುಂಪಿನಲ್ಲಿ ಯಾರಾದರೂ ಮಾತು ತೊದಲಿದರೆ, ಸುಮ್ಮನೆ ಸಿಡುಕಿದರೆ, ಹಿಂದೆ ಬೀಳತೊಡಗಿದರೆ ಅದು ಸುಸ್ತಲ್ಲ, ಮೈ ತಣ್ಣಗಾಗುತ್ತಿದೆ. ಗಾಳಿ ತಾಗದ ಕಡೆ ಕೂರಿಸಿ, ಒದ್ದೆ ತೆಗೆದು ಒಣದು ಹಾಕಿ, ಎಚ್ಚರವಾಗಿದ್ದರೆ ಮಾತ್ರ ಸಿಹಿ ಕುಡಿಸಿ. ಕೈಕಾಲು ತಿಕ್ಕಬೇಡಿ, ಮದ್ಯ ಬೇಡ. ತೀರಾ ತಣ್ಣಗಾದವರನ್ನು ನಡೆಸದೆ ಮಲಗಿಸಿಯೇ ಇಟ್ಟು ಸಹಾಯ ಕರೆಯಿರಿ.

ಮುಗಿದ ಮೇಲೆ ಸೂಟನ್ನು ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಒಳಗೂ ಹೊರಗೂ ಒಣಗಿಸಿ, ಪ್ಲಾಸ್ಟಿಕ್ ಜಿಪ್ಪಾದರೆ ಮುಚ್ಚಿ, ಹಿತ್ತಾಳೆಯದಾದರೆ ತೆರೆದು, ಮಡಚದೆ ಅಗಲವಾದ ಹ್ಯಾಂಗರಿಗೆ ಹಾಕಿ.

---

ನೀರಿಳಿತ:

ಒಂದು ಸೇರಿಸುತ್ತೇನೆ. 2025ರ ಜನವರಿಯಿಂದ ವಾಷಿಂಗ್ಟನ್ ರಾಜ್ಯದಲ್ಲಿ ಸದರ್ನ್ ರೆಸಿಡೆಂಟ್ ಓರ್ಕಾಗಳಿಂದ (ಇಲ್ಲಿನ ಅಳಿವಿನಂಚಿನ ತಿಮಿಂಗಿಲ ಗುಂಪು) 1000 ಗಜ ದೂರ ಇರಬೇಕು, ಕಯಾಕಿಗೂ ಅದೇ ಕಾನೂನು. ಶರತ್ಕಾಲದಲ್ಲೂ ಚಳಿಗಾಲದಲ್ಲೂ ಅವು ಸೌಂಡಿನೊಳಗೆ ಬರುತ್ತವೆ. ಎದುರಾದರೆ ಹಿಂಬಾಲಿಸಬೇಡಿ, ದಂಡೆಯ ಕಡೆ ಸರಿದು ಎಲ್ಲರೂ ಒಟ್ಟಿಗೆ ನಿಲ್ಲಿ. ರಾಜ್ಯ ಉದ್ಯಾನದಿಂದ ದೋಣಿ ಇಳಿಸುವುದಾದರೆ ಕಾರಿಗೆ ಡಿಸ್ಕವರ್ ಪಾಸ್ (ರಾಜ್ಯದ ನಿಲುಗಡೆ ಪರವಾನಗಿ) ಬೇಕು, ಚಳಿಗಾಲವೆಂದು ವಿನಾಯಿತಿ ಇಲ್ಲ.